ಮೇಲೊಂದು ಗಾಜು ಸಾಕೆ? ಎನ್‌ಲಾರ್ಜರ್‌ನ ನೆಗೆಟಿವ್ ಕ್ಯಾರಿಯರ್‌ಗಳನ್ನು ತೂಗಿ ನೋಡಿದಾಗ

ಹಳೆ ಸ್ಟುಡಿಯೋ ಮುಚ್ಚುವಾಗ ಮಾರಾಟಕ್ಕೆ ಬರುವ, ನೆಗೆಟಿವ್ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರವಾದ ಎನ್‌ಲಾರ್ಜರ್‌ನಲ್ಲಿ ದೀಪವಿರುವ ತಲೆ ಇರುತ್ತದೆ, ಕಂಬ ಇರುತ್ತದೆ, ಬೇಸ್‌ಬೋರ್ಡ್ ಇರುತ್ತದೆ, ಅದೃಷ್ಟವಿದ್ದರೆ ಲೆನ್ಸೂ ಇರುತ್ತದೆ. ಫಿಲ್ಮನ್ನು ದೀಪಕ್ಕೂ ಲೆನ್ಸಿಗೂ ನಡುವೆ ಹಿಡಿದಿಡುವ ಚೌಕಟ್ಟು, ಅಂದರೆ ನೆಗೆಟಿವ್ ಕ್ಯಾರಿಯರ್ ಮಾತ್ರ ಎಲ್ಲೋ ಕಳೆದುಹೋಗಿರುತ್ತದೆ. ಸಿಕ್ಕರೂ ತಗಡು ಬಾಗಿರುತ್ತದೆ, ಗಾಜು ಒಡೆದಿರುತ್ತದೆ, ಇಲ್ಲವೇ ಯಾರೋ ತಮಗೆ ಬೇಕಾದ ಅಳತೆಗೆ ಕಿಂಡಿಯನ್ನು ಅರದಲ್ಲಿ ಉಜ್ಜಿ ಅಗಲ ಮಾಡಿರುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಬಚ್ಚಲಮನೆಯನ್ನೋ ಸ್ಟೋರ್‌ರೂಮನ್ನೋ ಡಾರ್ಕ್‌ರೂಂ ಮಾಡಿಕೊಳ್ಳುವವರು ಒಂದಲ್ಲ ಒಂದು ದಿನ ಕ್ಯಾರಿಯರ್ ಹುಡುಕಿಕೊಂಡು ಹೊರಡಲೇಬೇಕು. ಇಲ್ಲಿ ಕೈಗೆ ಸಿಗುವ ಬಗೆಗಳು ಇವು: ಗಾಜಿಲ್ಲದ ಲೋಹದ್ದು, ಎರಡು ಗಾಜಿನ ನಡುವೆ ಹಿಡಿಯುವುದು, ಮೇಲ್ಗಡೆ ಮಾತ್ರ ಗಾಜಿರುವುದು, ತ್ರೀಡಿ ಪ್ರಿಂಟಿನಿಂದ ಹಿಡಿದು ರಟ್ಟಿನವರೆಗಿನ ಕೈಕೆಲಸದವು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. 35 ಎಂಎಂ ಫಿಲ್ಮ್‌ನಿಂದ 8×10 ಇಂಚಿನವರೆಗೆ ಪ್ರಿಂಟ್ ತೆಗೆಯುವವರಿಗೆ ಗಾಜಿಲ್ಲದ ಒಳ್ಳೆಯ ಕ್ಯಾರಿಯರ್ ಸಾಕು. ಅದಕ್ಕಿಂತ ಅಗಲವಾದ 120 ಫಿಲ್ಮ್ ಬಳಸುವವರು ಮೇಲೊಂದು ಆ್ಯಂಟಿ-ನ್ಯೂಟನ್ (ಪ್ರಿಂಟಿನಲ್ಲಿ ಬಳೆಯಂಥ ಗುರುತು ಬಾರದಂತೆ ತುಸು ಒರಟು ಮಾಡಿದ) ಗಾಜು, ಕೆಳಗೆ ಬರಿ ಕಿಂಡಿ ಇರುವ ಜೋಡಿಗೆ ಹೋಗಬೇಕು. ಎರಡು ಗಾಜಿನ ಕ್ಯಾರಿಯರ್ ದೊಡ್ಡ ಪ್ರಿಂಟಿಗೆ ಮಾತ್ರ. ದಿನಬಳಕೆಗೆ ಅದು ಧೂಳಿನ ಜೊತೆ ಜಗಳ. ಲೆನ್ಸ್ ಬದಲಿಸಬೇಕು ಅಂತ ದುಡ್ಡು ಕೂಡಿಡುತ್ತಿರುವವರು ಆ ಖರ್ಚಿಗೆ ಮುಂಚೆ ಕ್ಯಾರಿಯರ್ ಕಡೆ ಒಮ್ಮೆ ನೋಡಲಿ. ಮೂಲೆ ಮಸುಕಾದರೆ ಬೈಗುಳ ಲೆನ್ಸಿಗೆ ಬೀಳುತ್ತದೆ. ತಪ್ಪು ಬಹಳ ಸಲ ಫಿಲ್ಮ್ ಚಪ್ಪಟೆ ಕೂರದಿರುವುದರಲ್ಲಿ ಇರುತ್ತದೆ.

ಚಪ್ಪಟೆ ಅಂದರೆ ಎಷ್ಟು ಚಪ್ಪಟೆ? ಪ್ರಿಂಟಿನ ಮೇಲೆ 0.2 ಮಿ.ಮೀ. ಮಸುಕನ್ನು ಕಣ್ಣು ಕ್ಷಮಿಸುತ್ತದೆ ಎಂದು ಹಿಡಿಯೋಣ. 8 ಪಟ್ಟು ಹಿಗ್ಗಿಸುವಾಗ ನೆಗೆಟಿವ್ ಮೇಲೆ ಅದು 0.025 ಮಿ.ಮೀ. ಆಗುತ್ತದೆ. ಲೆನ್ಸಿನ ಬೆಳಕಿನ ದ್ವಾರ ಎಫ್ 8ರಲ್ಲಿದ್ದರೆ (ಈ ಸಂಖ್ಯೆ ಹೆಚ್ಚಿದಷ್ಟೂ ದ್ವಾರ ಕಿರಿದು) ಫಿಲ್ಮ್ ಮೇಲಕ್ಕೋ ಕೆಳಕ್ಕೋ ಸುಮಾರು 0.22 ಮಿ.ಮೀ. ಸರಿದರೂ ನಡೆಯುತ್ತದೆ. ಎಫ್ 4ಕ್ಕೆ ತೆರೆದರೆ ಆ ಸಡಿಲ 0.11ಕ್ಕೆ ಇಳಿಯುತ್ತದೆ. ಹಿಂದೆ ಫೋಟೊ ಸಲೋನ್ ಸ್ಪರ್ಧೆಗಳಿಗೆ ಕಳಿಸುತ್ತಿದ್ದ 12×15 ಇಂಚಿನ ಅಳತೆಗೆ, ಅಂದರೆ 12 ಪಟ್ಟಿನ ಆಸುಪಾಸಿಗೆ ಹೋದರೆ ಎಫ್ 8ರಲ್ಲೇ 0.14 ಮಿ.ಮೀ. ಮಾತ್ರ. 35 ಎಂಎಂ ಫಿಲ್ಮ್‌ನ ಬೇಸ್ (ಎಮಲ್ಷನ್ ಎಂಬ ಚಿತ್ರದ ಪದರವನ್ನು ಹೊತ್ತ ಪ್ಲಾಸ್ಟಿಕ್ ಪಟ್ಟಿ) ದಪ್ಪವೇ ಸಾಮಾನ್ಯವಾಗಿ 0.125 ಮಿ.ಮೀ. ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಫಿಲ್ಮ್ ತನ್ನ ದಪ್ಪಕ್ಕಿಂತ ತುಸುವೇ ಹೆಚ್ಚು ಉಬ್ಬಿದರೂ ಲೆಕ್ಕ ತಪ್ಪುತ್ತದೆ.

120 ಫಿಲ್ಮ್‌ನ ಕಷ್ಟ ಇನ್ನೂ ದೊಡ್ಡದು. ಇಲ್ಫರ್ಡ್ ಎಚ್‌ಪಿ5 ತೆಗೆದುಕೊಂಡರೆ 35 ಎಂಎಂನಲ್ಲಿ ಬೇಸ್ 0.125 ಮಿ.ಮೀ., 120ರಲ್ಲಿ 0.110 ಮಿ.ಮೀ., ಶೀಟ್ ಫಿಲ್ಮ್‌ನಲ್ಲಿ 0.180 ಮಿ.ಮೀ. ಅಂದರೆ ಅಗಲವಾದ 120ಕ್ಕೇ ತೆಳು ಬೇಸ್. ಅದರ ಜೊತೆಗೆ ಆಧಾರವಿಲ್ಲದ ಅಗಲ 24 ಮಿ.ಮೀ.ನಿಂದ 56ಕ್ಕೆ ಏರುತ್ತದೆ. ಒಂದೇ ಪ್ರಮಾಣದ ಬಾಗುವಿಕೆ ಇದ್ದರೂ ನಡುಮಧ್ಯದ ಉಬ್ಬು ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 35 ಎಂಎಂ ಕಿಂಡಿಯಲ್ಲಿ 0.1 ಮಿ.ಮೀ. ಉಬ್ಬುವ ಬಾಗು 120ರ 6×6 (ಸೆಂ.ಮೀ.) ಕಿಂಡಿಯಲ್ಲಿ 0.5 ದಾಟುತ್ತದೆ. ಇಷ್ಟಾದ ಮೇಲೆ ಎಫ್ 11ಕ್ಕೆ ಇಳಿಸಿದರೆ ಸರಿಹೋಗುತ್ತದೆ ಅನ್ನುವುದು ಸಮಾಧಾನದ ಮಾತಷ್ಟೇ.

ಯಾವ ಕ್ಯಾರಿಯರ್ ಆದರೂ ಒಂದೇ ಪರೀಕ್ಷೆಯಿಂದ ನೋಡಬಹುದು. ಫಿಲ್ಮ್ ಸುತ್ತಿನ ಮೊದಲ ತುದಿ, ಬೆಳಕು ಬಿದ್ದು ಪೂರ್ತಿ ಕಪ್ಪಾದ ಭಾಗವನ್ನು ಎಸೆಯಬೇಡಿ. ಡೆವಲಪ್ ಆದ ಆ ತುಂಡಿನ ಎಮಲ್ಷನ್ ಮೇಲೆ ಹೊಲಿಗೆ ಸೂಜಿಯಿಂದ ಮೂಲೆಯಿಂದ ಮೂಲೆಗೆ ಎರಡು ಗೆರೆ, ನಾಲ್ಕು ಅಂಚಿನ ಹತ್ತಿರ ಒಂದೊಂದು ಗೆರೆ ಎಳೆಯಿರಿ. ಕ್ಯಾರಿಯರ್‌ನಲ್ಲಿಟ್ಟು, ಲೆನ್ಸನ್ನು ಪೂರ್ತಿ ತೆರೆದು, ಫಿಲ್ಮಿನ ಕಣಗಳನ್ನೇ (ಗ್ರೇನ್) ಹಿಗ್ಗಿಸಿ ತೋರಿಸುವ ಭೂತಗನ್ನಡಿಯಾದ ಗ್ರೇನ್ ಫೋಕಸರ್‌ನಲ್ಲಿ ನಡುವೆ ಗೆರೆಗಳು ಕೂಡುವ ಜಾಗವನ್ನು ಫೋಕಸ್ ಮಾಡಿ. ಸೂಜಿಗೆರೆಯ ಅಂಚು ಎಷ್ಟು ಒರಟು ಅಂದರೆ, ಸರಿಯಾದ ಫೋಕಸ್‌ನಲ್ಲಿ ಕಿತ್ತುಬಂದ ಎಮಲ್ಷನ್‌ನ ಹಲ್ಲುಹಲ್ಲು ಸ್ಪಷ್ಟವಾಗಿ ಕಾಣುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಆ ಹಲ್ಲು ಮೊದಲು ಮಾಯವಾಗುತ್ತದೆ. ಈಗ ನಾಲ್ಕೂ ಮೂಲೆ ನೋಡಿ. ನಾಲ್ಕೂ ಒಂದೇ ಥರ ಮಸುಕಾಗಿದ್ದರೆ ಫಿಲ್ಮ್ ಉಬ್ಬಿದೆ ಅಥವಾ ಲೆನ್ಸಿನ ಕ್ಷೇತ್ರವೇ ಬಾಗಿದೆ. ಒಂದು ಪಕ್ಕದ ಎರಡು ಮೂಲೆ ಮಾತ್ರ ಮಸುಕಾಗಿದ್ದರೆ ಅದು ಕ್ಯಾರಿಯರ್ ಓರೆ ಕೂತಿರುವುದು ಅಥವಾ ತಲೆ ವಾಲಿರುವುದು. ಕ್ಯಾರಿಯರ್ ಕೂರುವ ಜಾಗ, ಲೆನ್ಸ್ ಬೋರ್ಡ್, ಬೇಸ್‌ಬೋರ್ಡ್ ಮೂರಕ್ಕೂ ರಸಮಟ್ಟ ಇಟ್ಟು ನೋಡಬೇಕು. ಆಮೇಲೆ ದೀಪ ಆರಿಸದೆ ಎರಡು ನಿಮಿಷ ಬಿಟ್ಟು ನಡುವಿನ ಗೆರೆಯನ್ನು ಮತ್ತೆ ನೋಡಿ. ಮೊದಲು ಚೂಪಾಗಿದ್ದದ್ದು ಈಗ ಹೋಗಿದ್ದರೆ ಬಿಸಿಗೆ ಫಿಲ್ಮ್ ನೆಗೆದಿದೆ. ಉಬ್ಬೋ ಲೆನ್ಸೋ ಎಂಬ ಅನುಮಾನ ಉಳಿದರೆ ಅದೇ ತುಂಡನ್ನು ಎರಡು ಗಾಜಿನ ನಡುವೆ ಇಟ್ಟು ನೋಡಿ: ಮೂಲೆ ಸರಿಹೋದರೆ ಲೆನ್ಸ್ ನಿರ್ದೋಷಿ.

ಗಾಜಿಲ್ಲದ ಲೋಹದ ಕ್ಯಾರಿಯರ್

ಎರಡು ತಗಡು, ಒಂದು ಕೀಲು, ಫಿಲ್ಮ್ ಅಳತೆಯ ಕಿಂಡಿ. ಧೂಳು ಕೂರುವ ಜಾಗ ಫಿಲ್ಮ್‌ನ ಎರಡು ಮೈ ಮಾತ್ರ. ಹಾಕುವುದು, ಸರಿಸುವುದು, ತೆಗೆಯುವುದು ಎಲ್ಲ ಸುಲಭ. ಕಾಂಟ್ಯಾಕ್ಟ್ ಶೀಟ್ (ಇಡೀ ಸುತ್ತಿನ ಪುಟ್ಟ ಪ್ರಿಂಟುಗಳ ಹಾಳೆ) ನೋಡಿ ಒಂದು ಸಂಜೆಯಲ್ಲಿ ಹಲವು ಫ್ರೇಮ್‌ಗಳ ವರ್ಕ್ ಪ್ರಿಂಟ್ ತೆಗೆಯುವವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಬೆಸೆಲರ್, ಒಮೆಗಾ, ಎಲ್‌ಪಿಎಲ್ ಎಲ್ಲದಕ್ಕೂ ಈ ಬಗೆ ಇದೆ. ಬೆಸೆಲರ್‌ನ ನೆಗಾಟ್ರಾನ್ಸ್ ಎಂಬುದು ಇದರ ಜಾಣ ರೂಪ: ಗುಬುಟು ತಿರುಗಿಸಿದರೆ 35 ಎಂಎಂ ಪಟ್ಟಿ ಒಳಗೇ ಮುಂದಕ್ಕೆ ಹೋಗುತ್ತದೆ. ಆರು ಫ್ರೇಮ್‌ನ ಪಟ್ಟಿಗಳನ್ನಿಟ್ಟುಕೊಂಡವರಿಗೆ ಒಳ್ಳೆಯದು. ಬಿಡಿ ಫ್ರೇಮ್ ಕತ್ತರಿಸಿಟ್ಟವರಿಗೆ ಉಪಯೋಗವಿಲ್ಲ.

ಇದರ ದೋಷ ಎರಡು. ಒಂದು, ಬಿಸಿ. ದಪ್ಪ ಮಸೂರಗಳಿಂದ ಬೆಳಕನ್ನು ಕೂಡಿಸುವ ಕಂಡೆನ್ಸರ್ ಎನ್‌ಲಾರ್ಜರ್‌ಗೆ 75 ವಾಟ್ ಬಲ್ಬ್ ಹಾಕಿದರೆ ಒಂದು ಮಟ್ಟ, 150 ಹಾಕಿದರೆ ಇನ್ನೊಂದು. ಎಮಲ್ಷನ್ ಒಣಗಿ ಕುಗ್ಗುತ್ತದೆ, ಬೇಸ್ ಅಷ್ಟು ಕುಗ್ಗುವುದಿಲ್ಲ. ಫಿಲ್ಮ್ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಒಂದು ಕಡೆಗೆ ಸೆಟೆದುಕೊಳ್ಳುತ್ತದೆ. ಎಮಲ್ಷನ್ ಕೆಳಮುಖವಾಗಿ, ಅಂದರೆ ಲೆನ್ಸಿನ ಕಡೆಗೆ ಇರುವುದರಿಂದ ನಡುಭಾಗ ಸಾಮಾನ್ಯವಾಗಿ ದೀಪದ ಕಡೆಗೆ ಏಳುತ್ತದೆ. ತಣ್ಣಗಿರುವಾಗ ಫೋಕಸ್ ಮಾಡಿ, ಬಿಸಿಯಾದಾಗ ಪ್ರಿಂಟ್ ಮಾಡಿದರೆ ನಡುಭಾಗ ಮಸುಕಾಗುವುದು ಇದಕ್ಕೇ. ಉಪಾಯ ಇದೆ: ದೀಪ ಹಾಕಿ ಅರ್ಧ ನಿಮಿಷ ಬಿಟ್ಟು, ಫಿಲ್ಮ್ ನೆಗೆದ ಮೇಲೆ ಫೋಕಸ್ ಮಾಡಿ. ಎಕ್ಸ್‌ಪೋಶರ್‌ಗೆ ಮುಂಚೆಯೂ ಲೆನ್ಸಿನ ಕೆಳಗಿನ ಕೆಂಪು ಫಿಲ್ಟರ್ ಅಡ್ಡ ಸರಿಸಿ ದೀಪ ಹಾಕಿ, ಫಿಲ್ಮ್ ಬಿಸಿಯಾದ ಮೇಲೆ ಫಿಲ್ಟರ್ ತೆಗೆದು ಸಮಯ ಎಣಿಸಿ. ಕೆಲಸ ಆಗುತ್ತದೆ, ಆದರೆ ಪ್ರತಿ ಪ್ರಿಂಟಿಗೂ ಇದೇ ಪೂಜೆ. ಎಲ್‌ಇಡಿ ದೀಪಕ್ಕೆ ಬದಲಾಯಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ, ಆದರೆ ಮೊದಲೇ ಬಾಗಿರುವ ಫಿಲ್ಮನ್ನು ಎಲ್‌ಇಡಿ ನೆಟ್ಟಗೆ ಮಾಡುವುದಿಲ್ಲ.

ಎರಡನೆಯದು ಅಂಚು. ಹೊಸ ಕ್ಯಾರಿಯರ್‌ಗಳ ಕಿಂಡಿ ಸಾಮಾನ್ಯವಾಗಿ 24×36ಕ್ಕಿಂತ ಒಂದಿಷ್ಟು ಕಡಿಮೆ ಇರುತ್ತದೆ, ಫ್ರೇಮ್‌ನ ಅಂಚು ತಿನ್ನುತ್ತದೆ. ಕಪ್ಪು ಗೆರೆಯ ಸಮೇತ ಪೂರ್ತಿ ಫ್ರೇಮ್ ಬೇಕೆಂದು ಅರ ಹಿಡಿಯುವವರು 25×37 ಮಿ.ಮೀ.ಗೆ ನಿಲ್ಲಿಸಬೇಕು. 35 ಎಂಎಂ ಫಿಲ್ಮ್‌ನ ಎರಡು ಸಾಲು ತೂತುಗಳ ಒಳ ಅಂಚಿನ ನಡುವೆ ಇರುವುದು 25.4 ಮಿ.ಮೀ.; ಅದನ್ನು ದಾಟಿದರೆ ತೂತಿನಿಂದ ನೇರ ಬೆಳಕು ಬಂದು ಲೆನ್ಸಿನಲ್ಲಿ ಮಂಜು ಕವಿಸುತ್ತದೆ, ಪ್ರಿಂಟಿನ ಅಂಚು ಬೂದು ಬಣ್ಣಕ್ಕೆ ತಿರುಗುತ್ತದೆ. ಅರ ಹಾಕಿದ ಜಾಗದಲ್ಲಿ ಹೊಳೆಯುವ ಅಲ್ಯೂಮಿನಿಯಂ ಬಿಡಬೇಡಿ, ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಹಳೆ ಕ್ಯಾರಿಯರ್‌ನಲ್ಲಿ ಮುಳ್ಳು ಎದ್ದಿದೆಯೇ ಎಂದು ನೋಡಲು ಬೆರಳು ಸಾಲದು. ಕಿಂಡಿಯ ಸುತ್ತ ಹತ್ತಿಯ ತುಂಡು ಸವರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ನಾಳೆ ನೆಗೆಟಿವ್‌ಗೆ ಗೀರು ಬೀಳುವುದು. 600 ನಂಬರ್ ಎಮರಿ ಪೇಪರ್‌ನಲ್ಲಿ ನಾಲ್ಕು ಸಲ ಎಳೆದರೆ ಹೋಗುತ್ತದೆ.

ಎರಡು ಗಾಜಿನದು

ಚಪ್ಪಟೆತನದಲ್ಲಿ ಇದಕ್ಕೆ ಸಾಟಿಯಿಲ್ಲ. ಎಫ್ 5.6ರಲ್ಲೂ ಮೂಲೆಯಿಂದ ಮೂಲೆಗೆ ಗ್ರೇನ್ ನಿಲ್ಲುತ್ತದೆ, ಬಿಸಿಗೆ ನೆಗೆಯುವ ಮಾತೇ ಇಲ್ಲ. ಮೆಯೋಪ್ಟಾ ಓಪೆಮಸ್‌ನಂಥ ಎನ್‌ಲಾರ್ಜರ್‌ಗಳ ಕ್ಯಾರಿಯರ್‌ನಲ್ಲಿ ಗಾಜನ್ನೂ ಕಿಂಡಿಯಿರುವ ಲೋಹದ ಮಾಸ್ಕನ್ನೂ ಬೇಕಾದಂತೆ ಅದಲುಬದಲು ಮಾಡಬಹುದು. ಲೈಟ್ಜ್ ಫೋಕೊಮ್ಯಾಟ್ 1ಸಿ ಇನ್ನೊಂದು ದಾರಿ ಹಿಡಿದಿದೆ: ಕಂಡೆನ್ಸರ್‌ನ ಗಾಜೇ ಕೆಳಗಿಳಿದು ಫಿಲ್ಮನ್ನು ಒತ್ತುತ್ತದೆ. ಅದರಿಂದ ತೆಗೆದ 35 ಎಂಎಂ ಪ್ರಿಂಟ್‌ಗಳ ಚೂಪಿನ ಹೆಸರಿನಲ್ಲಿ ಲೆನ್ಸಿಗೆ ಸಿಗುವ ಶಹಬ್ಬಾಸ್‌ಗಿರಿಯಲ್ಲಿ ಅರ್ಧ ಈ ಒತ್ತುವ ಗಾಜಿಗೆ ಸಲ್ಲಬೇಕು.

ಬೆಲೆ ತೆರುವುದು ಧೂಳಿನಲ್ಲಿ. ಗಾಜಿನ ನಾಲ್ಕು ಮೈ, ಫಿಲ್ಮ್‌ನ ಎರಡು, ಒಟ್ಟು ಆರು. ಎಲ್ಲವೂ ಸಮಾನ ಪಾಪಿಗಳಲ್ಲ. ಫಿಲ್ಮ್‌ಗೆ ತಾಗುವ ಒಳಮೈಗಳ ಮೇಲಿನ ಕಣ ಪ್ರಿಂಟಿನಲ್ಲಿ ಚೂಪಾದ ಬಿಳಿ ಚುಕ್ಕೆಯಾಗಿ ಬರುತ್ತದೆ. 2 ಮಿ.ಮೀ. ಗಾಜಿನ ಹೊರಮೈ ಮೇಲಿನದು 8 ಪಟ್ಟಿನ ಪ್ರಿಂಟಿನಲ್ಲಿ ಮಿಲಿಮೀಟರಿಗೂ ಮಿಕ್ಕಿ ಹರಡಿ ಕಂಡೂ ಕಾಣದ ಕಲೆಯಾಗುತ್ತದೆ. ಆಕಾಶ, ಗೋಡೆಯಂಥ ಒಂದೇ ಬಣ್ಣದ ಜಾಗದಲ್ಲಿ ಮಾತ್ರ ಎದ್ದು ಕಾಣಬಹುದು. ಆದ್ದರಿಂದ ಒರೆಸುವ ಶ್ರದ್ಧೆಯನ್ನು ಒಳಮೈಗಳಿಗೆ ಕೊಡಿ. ಎಸ್‌ಪಿ ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲ್, ಮೈಕ್ರೋಫೈಬರ್ ಬಟ್ಟೆ, ರಬ್ಬರ್ ಬ್ಲೋವರ್ ಸಾಕು. ಹಳೆ ಪಂಚೆ ತುಂಡು ಬೇಡ, ಎಳೆ ಬಿಡುತ್ತದೆ. ಬಾಯಿಂದ ಊದುವುದಂತೂ ಬೇಡವೇ ಬೇಡ. ಮಾಗಿ ಚಳಿಯಿಂದ ಯುಗಾದಿಯವರೆಗಿನ ಒಣಹವೆಯಲ್ಲಿ ಒರೆಸಿದಷ್ಟೂ ಗಾಜಿಗೆ ವಿದ್ಯುತ್ ಏರಿ ಧೂಳನ್ನು ಕರೆದುಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಪ್ರಿಂಟಿಗೆ ಕೂರುವ ಅರ್ಧ ಗಂಟೆ ಮುಂಚೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಆರಿಸುವುದೇ ಎಲ್ಲ ಆ್ಯಂಟಿ-ಸ್ಟ್ಯಾಟಿಕ್ ಬ್ರಶ್‌ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಳೆಗಾಲಕ್ಕೆ ಬೇರೆ ಕಾಟ, ನ್ಯೂಟನ್ ಉಂಗುರಗಳು. ಫಿಲ್ಮ್‌ನ ಬೇಸ್ ಮೈ ನುಣುಪು, ಗಾಜೂ ನುಣುಪು. ಎರಡರ ನಡುವೆ ಬೆಳಕಿನ ಅಲೆಯ ಅಳತೆಯ ಗಾಳಿಪದರ ಉಳಿದಾಗ ಎರಡೂ ಮೈಯಿಂದ ಮರಳುವ ಬೆಳಕು ಒಂದಕ್ಕೊಂದು ಕೂಡಿ ಕಳೆದು, ಪ್ರಿಂಟಿನ ನಯವಾದ ಬೂದು ಭಾಗದಲ್ಲಿ ವಕ್ರವಕ್ರ ಬಳೆಗಳಾಗಿ ಮೂಡುತ್ತದೆ. ತೇವದ ಹವೆಯಲ್ಲಿ ಫಿಲ್ಮ್ ಮೆತ್ತಗಾಗಿ ಗಾಜಿಗೆ ಇನ್ನೂ ಹತ್ತಿರ ಅಂಟುವುದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಟ ಹೆಚ್ಚು. ನೀಲಿ, ಹಸಿರು ಎಲ್‌ಇಡಿ ತಲೆಗಳಲ್ಲಿ ಬೆಳಕಿನ ಬಣ್ಣದ ಹರವು ಕಿರಿದು, ಅಲ್ಲಿ ಉಂಗುರ ಇನ್ನೂ ಢಾಳಾಗಿ ಬರುತ್ತದೆ. ನೆಗೆಟಿವ್ ಮೇಲೆ ಚಿಟಿಕೆ ಪೌಡರ್ ಊದುವ ಹಳೆ ಉಪಾಯವೊಂದಿದೆ. ಉಂಗುರ ಹೋಗಿ ಬಿಳಿ ಚುಕ್ಕೆ ಬರುತ್ತದೆ, ಅಷ್ಟೇ ಲಾಭ.

ಸರಿಯಾದ ಮದ್ದು ಆ್ಯಂಟಿ-ನ್ಯೂಟನ್ ಗಾಜು. ಅದರ ಒಂದು ಮೈಯನ್ನು ಕಣ್ಣಿಗೆ ಕಾಣದಷ್ಟು ನವಿರಾಗಿ ಒರಟು ಮಾಡಿರುತ್ತಾರೆ, ಗಾಳಿಪದರ ಒಂದೇ ಸಮ ನಿಲ್ಲದ ಹಾಗೆ. ಒರಟು ಮೈ ಫಿಲ್ಮ್ ಕಡೆಗೇ ಇರಬೇಕು. ಮತ್ತು ಅದು ಮೇಲೆಯೇ ಇರಬೇಕು, ಬೇಸ್‌ಗೆ ತಾಗಿ. ಕೆಳಗೆ ಹಾಕಿದರೆ ಚಿತ್ರ ಹೊತ್ತು ಬರುವ ಬೆಳಕು ಆ ಒರಟಿನ ಮೂಲಕ ಹಾದು, ಆಕಾಶದಲ್ಲಿ ಗ್ರೇನ್ ಅಲ್ಲದ ಗ್ರೇನ್ ಅಚ್ಚಾಗುತ್ತದೆ. ಕೆಳಗಿನದು ಸಾದಾ ಗಾಜು; ಎಮಲ್ಷನ್ ಮೈ ಸಾಮಾನ್ಯವಾಗಿ ತಾನೇ ತುಸು ಒರಟಾಗಿರುವುದರಿಂದ ಅಲ್ಲಿ ಉಂಗುರ ವಿರಳ. ಟಿ-ಮ್ಯಾಕ್ಸ್, ಡೆಲ್ಟಾದಂಥ ನುಣುಪು ಎಮಲ್ಷನ್‌ಗಳಲ್ಲಿ ಮಾತ್ರ ಕೆಳಗೂ ಬರಬಹುದು. ಅಂಥವರಿಗೆ ಕೆಳಗಡೆಗೆ ಪ್ರತಿಫಲನ ತಡೆಯುವ ಲೇಪದ ಮ್ಯೂಸಿಯಂ ಗಾಜು ಹೊಂದುತ್ತದೆ. ಕಲಾ ಗ್ಯಾಲರಿಗಳಿಗೆ ಫ್ರೇಮ್ ಹಾಕಿಕೊಡುವವರಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿ ನೋಡಿ, ನಮಗೆ ಬೇಕಾಗುವುದು ಅಂಗೈಯಗಲ ಮಾತ್ರ.

ಗಾಜಿನಿಂದ ಬೆಳಕೂ ಕಡಿಮೆಯಾಗುತ್ತದೆ. ಲೇಪವಿಲ್ಲದ ಒಂದು ಗಾಜಿನ ಎರಡು ಮೈಗಳಿಂದ ಸುಮಾರು ನೂರಕ್ಕೆ 8ರಷ್ಟು ಬೆಳಕು ಮರಳಿ ಹೋಗುತ್ತದೆ. ಗಾಜಿಲ್ಲದೆ 12 ಸೆಕೆಂಡು ಇದ್ದ ಎಕ್ಸ್‌ಪೋಶರ್ ಎರಡು ಗಾಜಿಗೆ 14ರ ಹತ್ತಿರ ಬರುತ್ತದೆ. ಫೋಕಸ್ ಕೂಡ ಸರಿಯುತ್ತದೆ, ಕೆಳಗಿನ 2 ಮಿ.ಮೀ. ಗಾಜಿಗೆ ಸುಮಾರು 0.7 ಮಿ.ಮೀ. ಕೈಯಿಂದ ಫೋಕಸ್ ಮಾಡುವವರಿಗೆ ಇದು ಲೆಕ್ಕಕ್ಕಿಲ್ಲ. ಆಟೋಫೋಕಸ್ ಎನ್‌ಲಾರ್ಜರ್‌ನಲ್ಲಿ ಕೆಳಗಿನ ಗಾಜು ಸೇರಿಸಿದರೆ ಅಥವಾ ತೆಗೆದರೆ ಹೊಂದಾಣಿಕೆ ಪೂರ್ತಿ ಕೆಡುತ್ತದೆ.

ಮೇಲೊಂದೇ ಗಾಜು

ನಮ್ಮ ಮತ ಇದಕ್ಕೆ. ಫಿಲ್ಮ್ ಬಾಗುವುದು ಎಮಲ್ಷನ್ ಒಳಕ್ಕೆ ಮಾಡಿಕೊಂಡು, ನಡುಭಾಗ ಏಳುವುದು ಮೇಲಕ್ಕೆ. ಹಾಗಿದ್ದ ಮೇಲೆ ತಡೆ ಬೇಕಾದದ್ದು ಮೇಲ್ಗಡೆಗೆ ಮಾತ್ರ. ಕೆಳಗಿನ ಲೋಹದ ಮಾಸ್ಕ್ ಅಂಚನ್ನು ಹಿಡಿಯುತ್ತದೆ, ಮೇಲಿನ ಗಾಜು ಹೊಟ್ಟೆಯನ್ನು ಒತ್ತುತ್ತದೆ. ಲೆನ್ಸ್ ಮತ್ತು ಎಮಲ್ಷನ್ ನಡುವೆ ಏನೂ ಇರುವುದಿಲ್ಲ, ಧೂಳಿನ ಮೈಗಳು ಎರಡು ಕಡಿಮೆ, ಚೂಪಾದ ಬಿಳಿ ಚುಕ್ಕೆ ಕೊಡುವ ಜಾಗಗಳಲ್ಲಿ ಒಂದು ಕಡಿಮೆ. 35 ಎಂಎಂಗೆ ಇದು ಎರಡು ಗಾಜಿನ ಹತ್ತಿರ ಹತ್ತಿರಕ್ಕೇ ಬರುತ್ತದೆ. ಫಿಲ್ಮ್ ತೀರಾ ಸುರುಳಿಯಾಗಿ, ಉದ್ದುದ್ದಕ್ಕೂ ಸುತ್ತಿಕೊಳ್ಳುವಂತಿದ್ದರೆ ಮಾತ್ರ ಸೋಲುತ್ತದೆ.

6×6, 6×7ಕ್ಕೆ ಒಂದು ಹೆಜ್ಜೆ ಸೇರಿಸಬೇಕು. 120 ಫಿಲ್ಮ್‌ನಲ್ಲಿ ಚಿತ್ರದ ಆಚೆ ಎರಡೂ ಕಡೆ ಎರಡೂವರೆ ಮಿ.ಮೀ.ನಷ್ಟು ಖಾಲಿ ಅಂಚಿರುತ್ತದೆ. ಎಮಲ್ಷನ್ ಕೆಳಗೆ ಮಾಡಿ ಮಾಸ್ಕ್ ಮೇಲೆ ಇಟ್ಟು, ಒಂದು ಅಂಚಿಗೆ ಅಂಟು ಕಡಿಮೆಯಿರುವ ಕಾಗದದ ಮಾಸ್ಕಿಂಗ್ ಟೇಪ್ ಹಚ್ಚಿ. ಇನ್ನೊಂದು ಅಂಚನ್ನು ಮೆಲ್ಲಗೆ ಎಳೆದು ಬಿಗಿ ಬಂದಾಗ ಅಲ್ಲೂ ಹಚ್ಚಿ. ಆಮೇಲೆ ಗಾಜು ಮುಚ್ಚಿ. ಟೇಪ್ ಗಾಜಿನ ಕೆಳಗೆ ಸಿಕ್ಕಿದರೆ ಗಾಜು ಎತ್ತರ ಕೂತು ಮಾಡಿದ್ದೆಲ್ಲ ವ್ಯರ್ಥ, ಆದ್ದರಿಂದ ಗಾಜು ಕಿಂಡಿಗಿಂತ ಸ್ವಲ್ಪವೇ ದೊಡ್ಡದಿರಬೇಕು ಅಥವಾ ಟೇಪ್ ಪಟ್ಟಿಯ ಹೊರತುದಿಗೆ ಹೋಗಬೇಕು. ಕೆಲಸ ಮುಗಿದ ದಿನವೇ ಟೇಪ್ ಕೀಳಿ. ಬೇಸಿಗೆಯಲ್ಲಿ ಒಂದು ವಾರ ಬಿಟ್ಟರೆ ಅಂಟು ಫಿಲ್ಮ್‌ನಲ್ಲೇ ಉಳಿಯುತ್ತದೆ.

ಆಮದು ಆ್ಯಂಟಿ-ನ್ಯೂಟನ್ ಗಾಜಿಗೆ ಕಸ್ಟಮ್ಸ್ ಸುಂಕ ಸೇರಿ ಬೆಲೆ ಚುರುಕು ಮುಟ್ಟಿಸುತ್ತದೆ. ಫೋಟೊ ಫ್ರೇಮ್ ಹಾಕುವ ಅಂಗಡಿಯ ನಾನ್‌ಗ್ಲೇರ್ ಗಾಜು ಅದರ ಬಡ ತಮ್ಮ. ಒರಟು ದಪ್ಪ, ಆದರೆ ಮೇಲ್ಗಡೆಗೆ ಹಾಕಿದಾಗ ಬೆಳಕನ್ನು ಚದುರಿಸಿ ಬಿಡುವ ಡಿಫ್ಯೂಷನ್ ತಲೆಯಲ್ಲಿ ಏನೂ ಗೊತ್ತಾಗುವುದಿಲ್ಲ, 6×6ಕ್ಕೆ ಕಂಡೆನ್ಸರ್‌ನಲ್ಲೂ ಪರವಾಗಿಲ್ಲ. ಕಂಡೆನ್ಸರ್ ಮತ್ತು 35 ಎಂಎಂ ಸೇರಿ ದೊಡ್ಡ ಪ್ರಿಂಟ್ ಅಂದಾಗ ಬೂದು ಆಕಾಶದಲ್ಲಿ ಮಚ್ಚೆ ಕಾಣಿಸುತ್ತದೆ. ಕಾಸಿಗೆ ತಕ್ಕ ಕಜ್ಜಾಯ.

ಗಾಜು ಕತ್ತರಿಸಿ ಕೊಡುವುದು ಬಡಾವಣೆಯ ಯಾವ ಗ್ಲಾಸ್-ಪ್ಲೈವುಡ್ ಅಂಗಡಿಯಲ್ಲೂ ಆಗುತ್ತದೆ. ಹಳೆ ಗಾಜಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ, 2 ಮಿ.ಮೀ. ಜಾಗಕ್ಕೆ 3 ಮಿ.ಮೀ. ಹಾಕಿದರೆ ಕ್ಯಾರಿಯರ್ ಮುಚ್ಚುವುದಿಲ್ಲ, ಒತ್ತಿ ಮುಚ್ಚಿದರೆ ಗಾಜು ಸೀಳುತ್ತದೆ. ಅಗಲ, ಉದ್ದ ಎರಡನ್ನೂ ಅರ್ಧ ಮಿ.ಮೀ. ಕಡಿಮೆಯೇ ಹೇಳಿ. ತುಂಡನ್ನು ಓರೆಯಾಗಿ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ; ಗಾಜು ಅಲ್ಲಾಡಿಸಿದಾಗ ಗೆರೆ ಸೊಟ್ಟಗಾದರೆ ಬೇರೆ ತುಂಡು ಕೇಳಿ. ಮನೆಗೆ ತಂದು 400 ನಂಬರಿನ ವಾಟರ್‌ಪೇಪರನ್ನು ಒದ್ದೆ ಮಾಡಿ ನಾಲ್ಕೂ ಅಂಚು ಉಜ್ಜಬೇಕು. ಉಜ್ಜದ ಅಂಚಿನಿಂದ ಉದುರುವ ಗಾಜಿನ ಪುಡಿ ನೆಗೆಟಿವ್‌ಗೆ ಮಾಡುವ ಗಾಯ ಯಾವ ಧೂಳೂ ಮಾಡದು. ಗಾಜಿನ ಬದಲು ಅಕ್ರಿಲಿಕ್ ಹಾಕಬಹುದೇ ಎಂದು ಕೇಳುವವರಿದ್ದಾರೆ: ಬೇಡ. ಒರೆಸಿದಾಗಲೆಲ್ಲ ಗೀರು, ಒರೆಸಿದಾಗಲೆಲ್ಲ ಧೂಳಿಗೆ ಆಹ್ವಾನ.

ತ್ರೀಡಿ ಪ್ರಿಂಟ್, ಲೇಸರ್ ಕಟಿಂಗ್, ರಟ್ಟು

ಹೊರಗಿನ ಅಳತೆ ಗೊತ್ತಿದ್ದರೆ ತ್ರೀಡಿ ಪ್ರಿಂಟ್ ಮಾಡಿಸುವುದು ಈ ಊರಲ್ಲಿ ಕಷ್ಟವಲ್ಲ. ಯಾವ ಪ್ಲಾಸ್ಟಿಕ್ ಎಂಬುದೇ ಮುಖ್ಯ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಎಲ್‌ಇಡಿ ದೀಪದ ಕೆಳಗೆ ನಡೆಯುತ್ತದೆ, ಫಿಲಮೆಂಟ್ ಬಲ್ಬಿನ ಕೆಳಗೆ ಬಾಗುತ್ತದೆ. ಪಿಇಟಿಜಿ 80ರ ಹತ್ತಿರ, ಎಬಿಎಸ್ 100ರ ಹತ್ತಿರ. ಬಲ್ಬ್ ಇದ್ದವರು ಇವೆರಡರಲ್ಲಿ ಒಂದನ್ನು ಹೇಳಬೇಕು. ಅಂಗಡಿಯವರು ಕೇಳದಿದ್ದರೆ ಪಿಎಲ್‌ಎಯಲ್ಲೇ ತೆಗೆದುಕೊಡುವ ಸಂಭವ ಹೆಚ್ಚು. ಇನ್ನೆರಡು ಮಾತು: ಪದರಪದರ ಗೆರೆಗಳು ಫಿಲ್ಮ್‌ಗೆ ತಾಗುವ ಕಡೆ ಇರಬಾರದು, ಆ ಮೈಯನ್ನು ಎಮರಿ ಪೇಪರ್‌ನಲ್ಲಿ ನುಣುಪು ಮಾಡಿ; ಮತ್ತು ತೆಳು ಕಪ್ಪು ಪ್ಲಾಸ್ಟಿಕ್ ಪೂರ್ತಿ ಕಪ್ಪಲ್ಲ, ದೀಪಕ್ಕೆ ಹಿಡಿದು ಬೆಳಕು ಸೋರುತ್ತದೆಯೇ ನೋಡಿ.

ಲೋಹ ಬೇಕೆನ್ನುವವರು 2 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಪೀಣ್ಯದ ಕಡೆ ಲೇಸರ್ ಕಟಿಂಗ್ ಮಾಡಿಸಬಹುದು. ಒಂದೇ ತುಂಡಿಗೆ ದುಬಾರಿ, ನಾಲ್ಕು ಗೆಳೆಯರು ಸೇರಿದರೆ ಹಗುರ. ಲೇಸರ್ ಬಿಟ್ಟ ಅಂಚನ್ನು ಅರದಲ್ಲಿ ಸವರಿ ಕಪ್ಪು ಮಾಡುವ ಕೆಲಸ ನಮ್ಮದೇ.

ಚಿತ್ರದ ಸುತ್ತ ಹಾಕುವ ಮೌಂಟ್ ಬೋರ್ಡಿನ ಎರಡು ತುಂಡನ್ನು ಒಂದು ಕಡೆ ಟೇಪ್ ಹಾಕಿ ಕೀಲು ಮಾಡಿ, ಬ್ಲೇಡಿನಲ್ಲಿ ಕಿಂಡಿ ಕೊಯ್ದರೆ ಅದೂ ಕ್ಯಾರಿಯರ್ರೇ. ಅಜ್ಜನ ಕಾಲದ 127 ಫಿಲ್ಮೋ, ಬೇರೆಲ್ಲೂ ಕೂರದ ಅಳತೆಯ ನೆಗೆಟಿವೋ ಒಂದೆರಡು ಸಲ ಪ್ರಿಂಟ್ ಮಾಡಬೇಕಿದ್ದರೆ ಇದಕ್ಕಿಂತ ಅಗ್ಗ ಇಲ್ಲ. ನಾರು ಉದುರುತ್ತದೆ, ಮಳೆಗಾಲದಲ್ಲಿ ಊದುತ್ತದೆ. ಹತ್ತು ಪ್ರಿಂಟ್ ತೆಗೆದು ಎಸೆಯುವ ವಸ್ತು.

ಯಾವ ಕ್ಯಾರಿಯರ್ ಇಟ್ಟುಕೊಂಡರೂ ಫಿಲ್ಮನ್ನು ಒಣಗಿಸುವಾಗಲೇ ಅರ್ಧ ಕೆಲಸ ಆಗಬೇಕು. ಏಪ್ರಿಲ್‌ನಲ್ಲಿ ಫ್ಯಾನ್ ಗಾಳಿಗೆ, ಹೇರ್ ಡ್ರೈಯರ್‌ಗೆ ಹಿಡಿದ ಫಿಲ್ಮ್ ಕೊಳವೆಯಾಗುತ್ತದೆ. ಬಚ್ಚಲಮನೆಯಲ್ಲಿ ಸ್ವಲ್ಪ ಬಿಸಿನೀರು ಬಿಟ್ಟು ಹಬೆಯಾಡಿಸಿ, ಕೆಳತುದಿಗೆ ಭಾರದ ಕ್ಲಿಪ್ ಹಾಕಿ, ಬಾಗಿಲು ಮುಚ್ಚಿ ತನ್ನಷ್ಟಕ್ಕೆ ಒಣಗಲು ಬಿಡಿ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ. ಸುಣ್ಣದ ಕಲೆ ಬೇಸ್ ಮೇಲೆ ಕೂತರೆ ಯಾವ ಗಾಜೂ ಅದನ್ನು ಮರೆಸುವುದಿಲ್ಲ. ಡಿಸ್ಟಿಲ್ಡ್ ನೀರಿಗೆ ನೀರು ಹನಿಗಟ್ಟದಂತೆ ತಡೆಯುವ ವೆಟಿಂಗ್ ಏಜೆಂಟ್ ಹನಿಸಿ ಅದ್ದಿ ತೆಗೆಯಿರಿ. ಒಣಗಿದ್ದನ್ನು ಕತ್ತರಿಸಿ ಸ್ಲೀವ್‌ಗೆ ಹಾಕಿ ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಟ್ಟರೆ, ಗಾಜಿಲ್ಲದ ಕ್ಯಾರಿಯರ್‌ನಲ್ಲೂ ಮರ್ಯಾದೆಯಿಂದ ಕೂರುತ್ತದೆ.

ಕೊಳ್ಳುವಾಗ

ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಸಂತೆಯಲ್ಲಿ ಬಿಡಿ ಕ್ಯಾರಿಯರ್ ಕಣ್ಣಿಗೆ ಬಿದ್ದರೆ ಮಾರುವವರಿಗೆ ಅದು ಯಾವ ಯಂತ್ರದ್ದು ಎಂದು ಗೊತ್ತಿರುವುದು ಅಪರೂಪ, ‘ಕ್ಯಾಮೆರಾ ಪಾರ್ಟು ಸಾರ್’ ಅನ್ನುತ್ತಾರೆ. ಬೆಸೆಲರ್‌ನದು ಒಮೆಗಾಗೆ ಕೂರದು, ಡರ್ಸ್ಟ್‌ನದು ಮೆಯೋಪ್ಟಾಗೆ ಕೂರದು. ನಿಮ್ಮ ಎನ್‌ಲಾರ್ಜರ್‌ನ ಕ್ಯಾರಿಯರ್ ಜಾಗದ ಉದ್ದ, ಅಗಲ, ದಪ್ಪದ ಸಡಿಲ, ಕೆಳಗಿನ ಗುಳಿ ಅಥವಾ ಉಂಗುರದ ವ್ಯಾಸ ಇಷ್ಟನ್ನೂ ಬರೆದ ಚೀಟಿ ಪರ್ಸಿನಲ್ಲಿ ಇರಲಿ. ಕ್ಯಾರಿಯರ್ ಮುಚ್ಚಿ ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ತಗಡಿನ ನಡುವಿನ ಸಂದು ನೋಡಿ. ಒಂದು ಕಡೆ ಬೆಳಕು ಕಂಡು ಇನ್ನೊಂದು ಕಡೆ ಕಾಣದಿದ್ದರೆ ಕೀಲು ಬಾಗಿದೆ. ಅಲ್ಯೂಮಿನಿಯಂ ತಗಡನ್ನು ಸಮಮಟ್ಟದ ಗಾಜಿನ ಮೇಲಿಟ್ಟು ಒತ್ತಿ ಸರಿಮಾಡಬಹುದು, ಎರಕದ ಕ್ಯಾರಿಯರ್ ಬಾಗಿದ್ದರೆ ಬಿಟ್ಟುಬಿಡಿ, ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಗಾಜಿದ್ದರೆ ಒರಟು ಮೈ ಇದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ: ಆ್ಯಂಟಿ-ನ್ಯೂಟನ್ ಮೈಯಲ್ಲಿ ಪ್ರತಿಬಿಂಬದ ಅಂಚು ತುಸು ಮಂಕಾಗಿ ಕಾಣುತ್ತದೆ. ಜೇಡರಬಲೆಯಂಥ ಬಿಳಿ ಎಳೆಗಳಿದ್ದರೆ ಅದು ಬೂಷ್ಟು, ಒರೆಸಿದರೆ ಹೋಗಬಹುದು. ಒರೆಸಿದ ಮೇಲೂ ಗುರುತು ಉಳಿದರೆ ಗಾಜನ್ನೇ ತಿಂದಿದೆ ಎಂದರ್ಥ, ಬರಿ ಲೋಹದ ಬೆಲೆ ಕೊಡಿ. ಮಾಸ್ಕ್ ಪಟ್ಟಿಗಳನ್ನು ಸರಿಸುವ ಬಗೆಯದಾದರೆ ನಾಲ್ಕನ್ನೂ ಸರಿಸಿ ನೋಡಿ, ಸಡಿಲಾಗಿ ತಾನೇ ಜಾರುವ ಪಟ್ಟಿ ಎಕ್ಸ್‌ಪೋಶರ್ ನಡುವೆಯೂ ಜಾರುತ್ತದೆ.